ಬಾಗಿಲು ಎಲ್ಲಿ ಮುಚ್ಚಿದೆ?

ಕೊಡುವ ವಸ್ತುಗಳಲ್ಲಿ ಎರಡು ಜಾತಿಯುಂಟು. ಕೊಟ್ಟರೆ ಕಡಿಮೆಯಾಗುವವು ಕೆಲವು. ಕೊಟ್ಟರೂ ಕಡಿಮೆಯಾಗದವು ಕೆಲವು. ಸೇರು ಜೋಳ, ಕೈಗಡದ ರೊಕ್ಕ, ಬಿತ್ತಿಗೆಯ ಕಾಲದ ಎತ್ತು ಇವೆಲ್ಲ ಮೊದಲನೆಯ ಜಾತಿಗೆ ಸೇರಿದವು. ಹೆಪ್ಪಿನ ಮೊಸರು ಎರಡನೆಯ ಜಾತಿಯದು. ನಮ್ಮ ಕಡೆಯ ಓಣಿಗಳಲ್ಲಿ ಸಂಜೆಯ ಹೊತ್ತು ಸಣ್ಣ ಬಟ್ಟಲು ಹಿಡಿದು “ಒಂಚೂರು ಹೆಪ್ಪು ಕೊಡ್ರೀ ಯಕ್ಕಾ” ಎಂದು ಬಂದ ಹುಡುಗಿಯನ್ನು ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಕೊಟ್ಟವರ ಗಡಿಗೆ ಬರಿದಾಗುವುದಿಲ್ಲ, ಕೊಂಡವರ ಗಡಿಗೆ ತುಂಬುತ್ತದೆ. ಅಷ್ಟೇ ಅಲ್ಲ, ನಾಳೆ ಕೊಟ್ಟವರ ಮನೆಯ ಮೊಸರು ಕೆಟ್ಟುಹೋದರೆ ಅದೇ ಹೆಪ್ಪು ಎದುರು ಮನೆಯಿಂದ ತಿರುಗಿ ಬರುತ್ತದೆ. ಕೊಟ್ಟದ್ದೇ ಕಾಪಾಡಿಟ್ಟಂತಾಯಿತು. ಕಂಪ್ಯೂಟರಿನ ಫೈಲು ಎಂಬುದೂ ಈ ಹೆಪ್ಪಿನ ಜಾತಿಗೇ ಸೇರಿದ್ದು.

ಆದರೆ ಹೆಪ್ಪು ಕೊಡಬೇಕಾದರೆ ಎರಡು ಮನೆಗಳ ಬಾಗಿಲೂ ತೆರೆದಿರಬೇಕು. ಫೈಲು ಹಂಚಿಕೊಳ್ಳುವ ತಂತ್ರಾಂಶಗಳ ತೊಂದರೆಗಳಲ್ಲಿ ಬಹುಪಾಲು ಬಾಗಿಲಿನ ತೊಂದರೆಗಳೇ. “ಕನೆಕ್ಟ್ ಆಗವಲ್ದು” ಎಂದು ಎಲ್ಲರೂ ಹೇಳುತ್ತಾರೆ. ಇದು ವೈದ್ಯರ ಮುಂದೆ ಕುಳಿತು “ಮೈಯಾಗ ಬರೋಬ್ಬರಿ ಇಲ್ಲ” ಎಂದು ಹೇಳಿದ ಹಾಗೆ. ಮಾತು ನಿಜ, ಆದರೆ ಅಷ್ಟರಿಂದ ಮದ್ದು ಸಿಕ್ಕುವುದಿಲ್ಲ. ಕನ್ನಡ ಪಾಠ ಹೇಳುವವನಿಗೆ ಈ ವೈದ್ಯವೇಕೆ ಎಂದು ಓದುಗರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಉತ್ತರ ಹೇಳಬೇಕಾದರೆ ಬೀಸುವ ಕಲ್ಲಿನಿಂದ ಆರಂಭಿಸಬೇಕು.

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಗದಗ ಜಿಲ್ಲೆಯ ಊರುಗಳು. 1997ಕ್ಕೆ ಮೊದಲು ಎಲ್ಲವೂ ಧಾರವಾಡ ಜಿಲ್ಲೆಯಲ್ಲಿದ್ದವು. ರೋಣ ನಡುವೆ, ನರಗುಂದ ಪಡುವಣಕ್ಕೆ, ಗಜೇಂದ್ರಗಡ ಮೂಡಣಕ್ಕೆ. ಈ ಸೀಮೆಯ ಹಳ್ಳಿಗಳಲ್ಲಿ ಮುದುಕಿಯರು ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡುತ್ತಿದ್ದ ಹಾಡುಗಳನ್ನು ನಾನೂ ನರಗುಂದದ ನಿವೃತ್ತ ಮಾಸ್ತರರೊಬ್ಬರೂ ಹಲವು ವರ್ಷಗಳಿಂದ ಧ್ವನಿಮುದ್ರಿಸಿಕೊಂಡು ಬಂದಿದ್ದೇವೆ. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಅಂಗಳಕ್ಕೆ ಬಿದ್ದ ಮೇಲೆ ಹಾಡಿಗೂ ಕೆಲಸ ತಪ್ಪಿತು. ಹಾಡಿದವರಲ್ಲಿ ಅನೇಕರು ಈಗ ಇಲ್ಲ. ಇನ್ನೂರಕ್ಕೆ ಮಿಕ್ಕಿದ ಹಾಡುಗಳು ಮಾತ್ರ ಇವೆ. ಪ್ರತಿಯೊಂದರ ಆರಂಭದಲ್ಲಿ, “ನಾ ಹಾಡಿದ್ದನ್ನ ಯಾರ್ ಬೇಕಾದ್ರೂ ಕೇಳ್ಲಿ” ಎಂಬ ಆ ತಾಯಿಯ ಒಪ್ಪಿಗೆಯೂ ಅವಳ ದನಿಯಲ್ಲಿಯೇ ಇದೆ.

1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಹೊರತಂದು ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದರು. ಆದರೆ ಕಾಗದದ ಮೇಲೆ ಮಾತು ನಿಲ್ಲುತ್ತದೆ, ದನಿ ನಿಲ್ಲುವುದಿಲ್ಲ. ದನಿಯ ಬೆಲೆ ಏನೆಂಬುದಕ್ಕೆ ನಮ್ಮ ನೆಲದಲ್ಲಿಯೇ ಸಾಕ್ಷಿಯಿದೆ. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲಕರಾಗಿದ್ದಾಗ ಅಬ್ದುಲ್ ಕರೀಮ್ ಖಾನರ ಗ್ರಾಮಫೋನ್ ತಟ್ಟೆಯನ್ನು ಕೇಳಿದರು. 1933ರಲ್ಲಿ ಗುರುವನ್ನು ಅರಸಿ ಮನೆ ಬಿಟ್ಟು ಹೊರಟರು. ಆ ತಟ್ಟೆ ಏನು? ಒಂದು ಹಾಡಿನ ನಕಲು. ನಕಲು ಇಲ್ಲದೆ ಹೋಗಿದ್ದರೆ ಆ ಹುಡುಗನ ಕಿವಿಗೆ ಆ ದನಿ ಬೀಳುತ್ತಿರಲಿಲ್ಲ. ನಮ್ಮ ಮುದುಕಿಯರ ಹಾಡು ಯಾವ ಮಗುವಿನ ಕಿವಿಗೆ ಬೀಳಬೇಕೋ ಬಲ್ಲವರಾರು? ಅದು ಬೀಳುವವರೆಗೆ ಉಳಿಯಬೇಕು, ಉಳಿಯಬೇಕಾದರೆ ಒಂದೇ ಗಡಿಗೆಯಲ್ಲಿರಬಾರದು.

ಆದ್ದರಿಂದ ಮೂರು ಊರುಗಳಲ್ಲಿ ಮೂರು ಪ್ರತಿ ಇಡುವುದೆಂದು ಗೊತ್ತುಮಾಡಿಕೊಂಡೆವು. ನರಗುಂದದಲ್ಲಿ ಮಾಸ್ತರರ ಕಂಪ್ಯೂಟರು, ರೋಣದಲ್ಲಿ ನನ್ನದು, ಗಜೇಂದ್ರಗಡದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮೊಬೈಲು. ಅವಳು ನೇಕಾರರ ಮನೆಯವಳು. ಸಂಗ್ರಹದಲ್ಲಿರುವ ಆರು ಹಾಡುಗಳು ಅವಳ ತೀರಿಹೋದ ಅಜ್ಜಿಯವು. ಪೆನ್‌ಡ್ರೈವ್ ಬಸ್ಸಿನಲ್ಲಿ ಒಯ್ದರೆ ಆಗದೆ ಎಂದು ಕೇಳಬಹುದು. ಒಂದು ಸಲಕ್ಕೆ ಆಗುತ್ತದೆ. ಆದರೆ ನಾನು ರೋಣದಲ್ಲಿ ಒಂದು ಹೆಸರು ತಿದ್ದುತ್ತೇನೆ, ಮಾಸ್ತರರು ನರಗುಂದದಲ್ಲಿ ಹೊಸ ಹಾಡು ಸೇರಿಸುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಯಾವುದು ಹೊಸದು ಯಾವುದು ಹಳೆಯದು ಎಂಬುದು ಹಸ್ತಪ್ರತಿಗಳ ಪಾಠಾಂತರದಂತೆ ತೊಡಕಾಗುತ್ತದೆ. ಪಾಠಾಂತರದ ಕಷ್ಟ ಕನ್ನಡ ಎಂ.ಎ. ಮಾಡಿದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ನಾವು ಆರಿಸಿಕೊಂಡ ತಂತ್ರಾಂಶದ ಹೆಸರು ಸಿಂಕ್‌ಥಿಂಗ್. 2013ರಲ್ಲಿ ಯಾಕೋಬ್ ಬೋರ್ಗ್ ಎಂಬಾತ ಆರಂಭಿಸಿದ್ದು. ದುಡ್ಡು ಕೊಡಬೇಕಾದ್ದಿಲ್ಲ, ಅದರ ಒಳಗನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಇದಕ್ಕೆ ನಡುವೆ ಉಗ್ರಾಣವಿಲ್ಲ. ಹಾಡು ಯಾವ ಕಂಪನಿಯ ಕಣಜದಲ್ಲಿಯೂ ತಂಗದೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ. ಪ್ರತಿ ಯಂತ್ರವೂ ತನ್ನ ಫೈಲುಗಳನ್ನು ತುಂಡು ತುಂಡಾಗಿ ಲೆಕ್ಕಹಾಕಿ ಪಟ್ಟಿ ಬರೆದಿಟ್ಟುಕೊಂಡು, ಎದುರಿನ ಯಂತ್ರದ ಪಟ್ಟಿಯೊಡನೆ ಹೋಲಿಸುತ್ತದೆ. ಇಲ್ಲದ್ದನ್ನು ಮಾತ್ರ ಕೇಳಿ ಪಡೆಯುತ್ತದೆ. ಗ್ರಂಥಸಂಪಾದಕನು ಮಾಡುವ ಕೆಲಸವೇ. ಬೇಸರವೊಂದು ಮಾತ್ರ ಇಲ್ಲ.

ಮೂರು ಕಡೆಯೂ ಸ್ಥಾಪಿಸಿದೆವು. ಮೂರು ತೆರೆಯ ಮೇಲೂ ಒಂದೇ ಮಾತು ಮೂಡಿತು: ಸಂಪರ್ಕವಿಲ್ಲ.

ಆಗ ಹುಟ್ಟಿಕೊಂಡ ಸಿದ್ಧಾಂತಗಳು ಒಂದೆರಡಲ್ಲ. ನರಗುಂದದ ಗುಡ್ಡ ಅಡ್ಡ ಬರುತ್ತದೆಂದರು ಒಬ್ಬರು. 1858ರಲ್ಲಿ ಬಾಬಾಸಾಹೇಬನು ಇಂಗ್ಲಿಷರ ಮೇಲೆ ತಿರುಗಿಬಿದ್ದ ಕಾಲದಲ್ಲಿ ಆ ಗುಡ್ಡ ಎಷ್ಟು ಅಡ್ಡ ಬಂದಿತ್ತೋ ತಿಳಿಯದು. ನೆಲದಡಿ ಹೋಗುವ ಗಾಜಿನ ಎಳೆಗೆ ಅದು ಅಡ್ಡ ಬಂದಿಲ್ಲ. ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಎಲ್ಲವನ್ನೂ ಎಳೆದುಕೊಳ್ಳುತ್ತವೆಂದರು ಇನ್ನೊಬ್ಬರು. ಪಾಪ, ಅವು ಗಾಳಿಯನ್ನಷ್ಟೇ ಬಯಸುತ್ತವೆ. ಮೂರನೆಯವರು ತಂತ್ರಾಂಶವನ್ನೇ ಬೈದರು. ಸಂಬಂಧ ಕೂಡದಿದ್ದಾಗ “ಯಾರದು ತಪ್ಪು?” ಎಂದು ಕೇಳುವುದು ಮನುಷ್ಯ ಸ್ವಭಾವ. ಬೀಗರ ನಡುವೆ ಆಗಲಿ, ಅಣ್ಣತಮ್ಮಂದಿರ ನಡುವೆ ಆಗಲಿ, ಅದೇ ಪ್ರಶ್ನೆ. ಆ ಪ್ರಶ್ನೆಯಿಂದ ಜಗಳ ಬೆಳೆಯುತ್ತದೆಯೇ ಹೊರತು ದಾರಿ ತೆರೆಯುವುದಿಲ್ಲ. ಕೇಳಬೇಕಾದದ್ದು ಬೇರೆ: “ಎಲ್ಲಿಯವರೆಗೆ ಸರಿಯಿದೆ?” ಹೊಲದ ಕಾಲುವೆಯಲ್ಲಿ ನೀರು ಬಾರದಿದ್ದರೆ ರೈತನು ಮೋಡವನ್ನು ಬೈಯುತ್ತ ಕೂಡುವುದಿಲ್ಲ, ಗುದ್ದಲಿ ಹೆಗಲಿಗಿಟ್ಟು ತೂಬಿನಿಂದ ಕೆಳಕ್ಕೆ ನಡೆಯುತ್ತಾನೆ. ಎಲ್ಲಿಯವರೆಗೆ ಮಣ್ಣು ಹಸಿ, ಎಲ್ಲಿಂದ ಮುಂದೆ ಒಣ? ಆ ಗೆರೆಯಲ್ಲಿಯೇ ರೋಗವಿದೆ.

ನಾವೂ ಹಾಗೆಯೇ ನಡೆದೆವು. ಮೊದಲು ಒಂದೇ ಕೋಣೆ. ಒಂದು ಭಾನುವಾರ ಗಜೇಂದ್ರಗಡದ ಹುಡುಗಿ ತನ್ನ ಮೊಬೈಲಿನೊಡನೆ ರೋಣಕ್ಕೆ ಬಂದಳು. ಎರಡು ಯಂತ್ರಗಳೂ ಒಂದೇ ವೈಫೈಯಲ್ಲಿದ್ದರೆ ಅವು ಹೊರಗಿನ ಲೋಕವನ್ನು ಕೇಳಬೇಕಾಗಿಲ್ಲ. 21027 ಎಂಬ ಸಂಖ್ಯೆಯ ಕಿಂಡಿಯಲ್ಲಿ “ನಾನಿಲ್ಲಿದ್ದೇನೆ” ಎಂದು ಕೂಗಿ ಒಂದನ್ನೊಂದು ಕಂಡುಕೊಳ್ಳುತ್ತವೆ. ಇಲ್ಲಿ ಕೂಡಿದರೆ ದೋಷ ಹೊರಗಿದೆ. ಇಲ್ಲಿಯೇ ಕೂಡದಿದ್ದರೆ ದೋಷ ಮನೆಯಲ್ಲಿದೆ. ಈ ಒಂದು ಪರೀಕ್ಷೆಯಿಂದ ಅರ್ಧ ಕಾಡು ಕಡಿದಂತಾಗುತ್ತದೆ.

ಕೂಡಲಿಲ್ಲ. ಹಾಗಾದರೆ ಪರಿಚಯವಾಗಿದೆಯೇ ನೋಡಬೇಕು. ಸಿಂಕ್‌ಥಿಂಗಿನಲ್ಲಿ ಪ್ರತಿ ಯಂತ್ರಕ್ಕೂ 56 ಚಿಹ್ನೆಗಳ ಗುರುತು ಇರುತ್ತದೆ, ಏಳೇಳರ ಎಂಟು ಗುಂಪಾಗಿ. ಓದುವಾಗ ಅಕ್ಷರದೊಡನೆ ಗೊಂದಲವಾಗಬಾರದೆಂದು ಸೊನ್ನೆ, ಒಂದು, ಎಂಟು ಅದರಲ್ಲಿ ಬರುವುದೇ ಇಲ್ಲ. ನಾನು ಅವಳ ಗುರುತನ್ನು ಬರೆದುಕೊಂಡರೆ ಸಾಲದು, ಅವಳೂ ನನ್ನದನ್ನು ಒಪ್ಪಿಕೊಂಡಿರಬೇಕು. ಒಂದೇ ಕೈಯಿಂದ ಚಪ್ಪಾಳೆಯಾಗದು. ಅದಾದ ಮೇಲೆ ಯಾವ ಕಡತಕೋಶವನ್ನು ಹಂಚಿಕೊಳ್ಳಬೇಕೆಂಬುದಕ್ಕೂ ಇಬ್ಬರ ಒಪ್ಪಿಗೆ ಬೇಕು. ನೋಡಿದೆವು; ಎಲ್ಲ ಸರಿಯಾಗಿದ್ದಿತು.

ಇನ್ನು ಎಚ್ಚರವಿದೆಯೇ? ಇಲ್ಲಿ ಸಿಕ್ಕಿತು. ಈಗಿನ ಮೊಬೈಲುಗಳಿಗೆ ಬ್ಯಾಟರಿ ಉಳಿಸುವ ಚಟ. ತೆರೆ ಆರಿದ ಕೂಡಲೇ ಹಿಂದೆ ನಡೆಯುವ ಕೆಲಸಗಳನ್ನು ಒಂದೊಂದಾಗಿ ಮಲಗಿಸಿಬಿಡುತ್ತವೆ. ಆ ತಂತ್ರಾಂಶಕ್ಕೆ ಮಾತ್ರ ಬ್ಯಾಟರಿಯ ಕಟ್ಟಳೆಯಿಂದ ವಿನಾಯಿತಿ ಕೊಟ್ಟೆವು. ಕ್ಷಣಾರ್ಧದಲ್ಲಿ ಎರಡೂ ಒಂದನ್ನೊಂದು ಗುರುತಿಸಿದವು. ಮೊಬೈಲಿನೊಳಗೆ ಹಾಡುಗಳು ಒಂದೊಂದಾಗಿ ಇಳಿಯತೊಡಗಿದಾಗ ಹುಡುಗಿ ಮಾತಾಡದೆ ಪಟ್ಟಿಯನ್ನೇ ನೋಡುತ್ತ ಕುಳಿತಳು. ಅಜ್ಜಿಯ ಹೆಸರು ಬಂದಾಗ ಮಾತ್ರ “ಸರ್, ಇದೊಂದು ಈಗ ಹಚ್ಲೇನ್ರಿ?” ಎಂದಳು.

ಕೋಣೆಯೊಳಗೆ ಕೂಡಿತು, ಅವಳು ಗಜೇಂದ್ರಗಡಕ್ಕೆ ಹೋದ ಮೇಲೆ ಮತ್ತೆ ಕಡಿಯಿತು. ಹಸಿ ಮಣ್ಣಿನ ಗೆರೆ ಮನೆಯ ಹೊಸ್ತಿಲಿನಲ್ಲಿದೆ ಎಂದಾಯಿತು. ಹೊಸ್ತಿಲಿನಲ್ಲಿ ಇಬ್ಬರು ಕಾವಲುಗಾರರಿರುತ್ತಾರೆ. ಕಂಪ್ಯೂಟರಿನೊಳಗಿನ ಫೈರ್‌ವಾಲ್ ಒಬ್ಬ, ಮನೆಯ ರೌಟರು ಇನ್ನೊಬ್ಬ. ಈ ತಂತ್ರಾಂಶಕ್ಕೆ ಬೇಕಾದ ಬಾಗಿಲಿನ ಸಂಖ್ಯೆ 22000. ಅದು ಮುಚ್ಚಿದ್ದರೆ ಹೊರಗಿನವರು ಎಷ್ಟು ತಟ್ಟಿದರೂ ಕೇಳಿಸದು. ವಿಂಡೋಸ್ ಯಂತ್ರದಲ್ಲಿ ಮನೆಯ ಜಾಲವನ್ನು ‘ಸಾರ್ವಜನಿಕ’ವೆಂದು ಗುರುತಿಸಿದ್ದರೆ ಕಾವಲು ಇನ್ನೂ ಬಿಗಿ. ಕೆಲವು ವಿದ್ಯಾಸಂಸ್ಥೆಗಳ ಜಾಲಗಳಲ್ಲಿ ಇಂಥ ತಂತ್ರಾಂಶಗಳಿಗೆ ಪ್ರವೇಶವೇ ಇರುವುದಿಲ್ಲ. ಅದಕ್ಕೆ ಕಾರಣವೂ ಇದೆ. 1999ರಲ್ಲಿ ಅಮೆರಿಕದಲ್ಲಿ ಬಂದ ನ್ಯಾಪ್‌ಸ್ಟರ್ ಲೋಕದ ಹಾಡುಗಳನ್ನೆಲ್ಲ ಹಕ್ಕುದಾರರನ್ನು ಕೇಳದೆ ಹಂಚಲು ದಾರಿಮಾಡಿತು. ನ್ಯಾಯಾಲಯದ ಮೆಟ್ಟಿಲು ಹತ್ತಿ 2001ರಲ್ಲಿ ಬಾಗಿಲು ಹಾಕಿತು. ಅಂದಿನಿಂದ ಹಂಚುವ ತಂತ್ರಾಂಶವೆಂದರೆ ಕಳ್ಳಸಂತೆ ಎಂಬ ಹೆಸರು ಅಂಟಿಕೊಂಡಿದೆ. ಹೆಪ್ಪು ಬೇಡುವವರೆಲ್ಲ ಕಳ್ಳರಲ್ಲ. ಆದರೂ ಪರರ ಜಾಲದ ಕಾವಲನ್ನು ಉಪಾಯದಿಂದ ದಾಟುವುದು ಸಲ್ಲದು. ಅನುಮತಿ ಕೇಳಬೇಕು, ಇಲ್ಲವೆ ಮನೆಯಿಂದ ಮಾಡಬೇಕು. ನಾವು ಮನೆಯಿಂದಲೇ ಮಾಡಿದೆವು.

ಹೊಸ್ತಿಲು ದಾಟಿದ ಮೇಲೆ ಬೀದಿ. ಇಲ್ಲಿಯ ತೊಡಕು ಸ್ವಲ್ಪ ಸ್ವಾರಸ್ಯವಾದದ್ದು. ಅಂತರ್ಜಾಲದ ಹಳೆಯ ವಿಳಾಸ ಪದ್ಧತಿಯಲ್ಲಿ ಒಟ್ಟು ವಿಳಾಸಗಳು 4,29,49,67,296. ಲೋಕದ ಜನಸಂಖ್ಯೆಗೇ ಸಾಲದ ಸಂಖ್ಯೆ ಇದು. ಆದ್ದರಿಂದ ಸಂಪರ್ಕ ಒದಗಿಸುವವರು ನೂರಾರು ಮನೆಗಳಿಗೆ ಒಂದೇ ಹೊರವಿಳಾಸ ಕೊಟ್ಟು ಒಳಗೆ ಬೇರೆ ಬೇರೆ ಸಂಖ್ಯೆ ಹಂಚುತ್ತಾರೆ. ದೊಡ್ಡ ವಾಡೆಯೊಂದಕ್ಕೆ ಒಂದೇ ಅಗಸಿ ಬಾಗಿಲು ಇದ್ದಂತೆ. ಒಳಗಿನವರು ಹೊರಗೆ ಹೋಗಬಹುದು, ಹೋದವರ ಪತ್ರಕ್ಕೆ ಉತ್ತರವೂ ಬರಬಹುದು. ಆದರೆ ಹೊರಗಿನವನೊಬ್ಬ ತಾನಾಗಿ ಬಂದು ನಿಂತರೆ ಯಾರ ಮನೆಗೆ ಬಂದವನೆಂದು ಅಗಸಿಗೆ ತಿಳಿಯದು. ಇದನ್ನು ಪತ್ತೆಹಚ್ಚುವುದು ಸುಲಭ. ರೌಟರಿನ ಪುಟದಲ್ಲಿ ಕಾಣುವ ಹೊರವಿಳಾಸವನ್ನೂ, ನಮ್ಮ ವಿಳಾಸವೇನೆಂದು ಅಂತರ್ಜಾಲವನ್ನು ಕೇಳಿದರೆ ಬರುವ ಉತ್ತರವನ್ನೂ ಹೋಲಿಸಬೇಕು. ಎರಡೂ ಒಂದೇ ಆದರೆ ನಮಗೆ ಸ್ವಂತ ಬಾಗಿಲಿದೆ. ಬೇರೆಯಾದರೆ ನಾವು ವಾಡೆಯಲ್ಲಿದ್ದೇವೆ. 100.64ರಿಂದ 100.127ರವರೆಗೆ ಆರಂಭವಾಗುವ ವಿಳಾಸಗಳನ್ನು 2012ರಲ್ಲಿ ಇಂಥ ವಾಡೆಗಳಿಗೆಂದೇ ಮೀಸಲಿಟ್ಟರು. ನರಗುಂದದ ವಿಳಾಸ ಆ ಸಾಲಿನದು. ಗಜೇಂದ್ರಗಡದ ಮೊಬೈಲೂ ಇನ್ನೊಂದು ವಾಡೆಯ ಒಳಗಿದ್ದಿತು.

ಹೀಗೆ ಇಬ್ಬರೂ ವಾಡೆಯಲ್ಲಿ ಸಿಕ್ಕಿದಾಗ ಸಿಂಕ್‌ಥಿಂಗ್ ಮಧ್ಯಸ್ಥರ ನೆರವು ಪಡೆಯುತ್ತದೆ. ಲೋಕದ ಬೇರೆ ಬೇರೆ ಕಡೆ ಸ್ವಯಂಸೇವಕರು ತಮ್ಮ ಖರ್ಚಿನಲ್ಲಿ ನಡೆಸುವ ಯಂತ್ರಗಳಿವೆ. ಎರಡೂ ಬದಿಯವರು ಅಲ್ಲಿಗೆ ಹೋಗಿ ತಂದದ್ದನ್ನು ದಾಟಿಸಬಹುದು. ಬೀಗ ಹಾಕಿದ ಪೆಟ್ಟಿಗೆಯಾದ್ದರಿಂದ ಮಧ್ಯಸ್ಥನಿಗೆ ಒಳಗೇನಿದೆಯೆಂಬುದು ಕಾಣುವುದಿಲ್ಲ. ಗುರುತಿಲ್ಲದವರ ಹೊರೆಗೆ ಹೆಗಲು ಕೊಡುವ ಈ ಜನರನ್ನು ನೆನೆದಾಗ ನನಗೆ ಗದಗಿನ ನೆರೆಯ ಕಣಗಿನಹಾಳ ನೆನಪಾಗುತ್ತದೆ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಸಹಕಾರಿ ಸಂಘ ಕಟ್ಟಿದಾಗಲೂ ಮೂಲದಲ್ಲಿದ್ದ ತತ್ತ್ವ ಇದೇ: ಒಬ್ಬೊಬ್ಬರ ಬಳಿ ಇರುವ ಸ್ವಲ್ಪವನ್ನು ಎಲ್ಲರಿಗೂ ಒದಗುವಂತೆ ಮಾಡುವುದು. ಆದರೆ ಮಧ್ಯಸ್ಥರ ದಾರಿ ನಿಧಾನ. ನರಗುಂದದ ಹಾಡು ರೋಣಕ್ಕೆ ಬರಲು ಕಡಲಾಚೆ ಸುತ್ತಿ ಬರಬೇಕಾದೀತು. ಕುಂದಿಲ್ಲದ ಧ್ವನಿಮುದ್ರಣವೆಂದರೆ ಒಂದು ನಿಮಿಷಕ್ಕೆ ಸುಮಾರು 10 ಎಂ.ಬಿ. ತೂಗುತ್ತದೆ, ಆ ತೂಕ ಹೊತ್ತು ಕಡಲು ಸುತ್ತುವುದು ಸಣ್ಣ ಮಾತಲ್ಲ.

ಇಲ್ಲೊಂದು ಸಮಾಧಾನದ ಸಂಗತಿಯುಂಟು. ಪರಿಚಯಕ್ಕೆ ಎರಡು ಕೈ ಬೇಕು. ಬಾಗಿಲು ಮಾತ್ರ ಒಂದು ತೆರೆದಿದ್ದರೆ ಸಾಕು. ಹೊರಗಿನಿಂದ ಬರುವವರಿಗೆ ಒಬ್ಬನ ಮನೆ ಸಿಕ್ಕಿದರೆ ಮಿಕ್ಕವರು ತಾವೇ ಬಂದು ತಟ್ಟುತ್ತಾರೆ. ರೋಣದ ನನ್ನ ಮನೆಯ ವಿಳಾಸ ಸ್ವಂತದ್ದಾಗಿತ್ತು. ರೌಟರಿನಲ್ಲಿ 22000ನೆಯ ಬಾಗಿಲನ್ನು ನನ್ನ ಕಂಪ್ಯೂಟರಿನ ಕಡೆಗೆ ತೆರೆದಿಟ್ಟೆ. ಅಂದು ಸಂಜೆ ನರಗುಂದವೂ ಗಜೇಂದ್ರಗಡವೂ ಹಸಿರಾದವು. ಮೂರು ಮನೆಗಳಲ್ಲಿ ಎರಡಕ್ಕೆ ಬೀಗವಿದ್ದರೂ ನಡುಮನೆಯ ಕದ ತೆರೆದಿದ್ದರೆ ಸಂಸಾರ ನಡೆಯುತ್ತದೆ.

ಅಷ್ಟರಲ್ಲಿ ನರಗುಂದದಿಂದ ಫೋನು ಬಂದಿತು. ಮಾಸ್ತರರ ಹಾರ್ಡ್ ಡಿಸ್ಕ್ ಗಡಿಯಾರದಂತೆ ಟಿಕ್ ಟಿಕ್ ಎನ್ನತೊಡಗಿತ್ತು. ತಿರುಗುವ ತಟ್ಟೆಯ ಡಿಸ್ಕು ಹೀಗೆ ಸದ್ದು ಮಾಡಿದರೆ ಆಯುಸ್ಸು ಎಣಿಕೆಗೆ ಬಂದಿದೆ ಎಂದು ತಿಳಿಯಬೇಕು. ಹಾಡುಗಳಲ್ಲಿ ಮುಕ್ಕಾಲು ಪಾಲು ಅಲ್ಲಿ ಮಾತ್ರ ಇದ್ದವು. ಇಂಥ ಹೊತ್ತಿನಲ್ಲಿ ಜಾಲದ ಹಟ ಹಿಡಿಯಬಾರದು. ತಂತ್ರಾಂಶವನ್ನು ನಿಲ್ಲಿಸಿ, ಬೇರೇನನ್ನೂ ಓದದೆ, ಬೇಕಾದ ಫೈಲುಗಳನ್ನಷ್ಟೇ ಹೊರಗಿನ ಡಿಸ್ಕಿಗೆ ಇಳಿಸಿಕೊಳ್ಳಲು ಹೇಳಿದೆ. ಮಾಸ್ತರರು ರಾತ್ರಿ ಎರಡರವರೆಗೆ ಕುಳಿತು ಇಳಿಸಿದರು; ಬೆಳಗಿನ ಬಸ್ಸಿಗೆ ಡಿಸ್ಕನ್ನು ಧೋತರದ ಗಂಟಿನಲ್ಲಿ ಕಟ್ಟಿಕೊಂಡು ರೋಣಕ್ಕೆ ಬಂದರು. ಅದನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಂಡೆವು. ಮೊದಲ ಹೊರೆ ಬಸ್ಸಿನಲ್ಲಿ ಬಂದರೂ ಸಿಂಕ್‌ಥಿಂಗಿಗೆ ಬೇಸರವಿಲ್ಲ. ಎರಡು ಕಡೆಯ ಪಟ್ಟಿ ಹೋಲಿಸಿ, ಇರುವುದನ್ನು ಇದೆಯೆಂದು ಒಪ್ಪಿ, ವ್ಯತ್ಯಾಸವನ್ನಷ್ಟೇ ತರಿಸಿಕೊಳ್ಳುತ್ತದೆ. ಆ ಡಿಸ್ಕು ಮತ್ತೆ ಎಂಟು ದಿನ ಬದುಕಿತ್ತು.

ಎಲ್ಲವೂ ಬಂದವೆಂದುಕೊಂಡೆವು. ಎಣಿಸಿದರೆ ಹನ್ನೊಂದು ಹಾಡು ಕಡಿಮೆ. ಸಂಪರ್ಕವಿದೆ, ದೀಪ ಹಸಿರಾಗಿದೆ. ಆದರೆ ನರಗುಂದದ ಹೊರಡಿಸ್ಕಿನಲ್ಲಿರುವ ಆ ಹನ್ನೊಂದು ಬಸ್ಸಿನಲ್ಲಿಯೂ ಬಾರದೆ, ಜಾಲದಲ್ಲಿಯೂ ಬಾರದೆ ಉಳಿದವು. ಇದು ಎಂಥ ಬಾಗಿಲು? ಅವುಗಳ ಹೆಸರು ನೋಡಿದಾಗ ತಿಳಿಯಿತು. ಮಾಸ್ತರರು ಬಹಳ ಆಸ್ಥೆಯವರು. ಹಾಡಿದ ತಾಯಿಯ ಹೆಸರು, ಅವಳ ತವರು, ಕೊಟ್ಟ ಊರು, ಹಾಡಿನ ಮೊದಲ ನುಡಿ, ತಿಥಿ ಎಲ್ಲವನ್ನೂ ಫೈಲಿನ ಹೆಸರಿನಲ್ಲಿಯೇ ಬರೆದಿದ್ದರು. ಅವರ ವಿಂಡೋಸ್ ಯಂತ್ರ ಅಷ್ಟುದ್ದದ ಹೆಸರನ್ನು ಸಹಿಸಿತ್ತು. ನನ್ನ ಯಂತ್ರ ಲಿನಕ್ಸಿನದು. ಅದರಲ್ಲಿ ಒಂದು ಹೆಸರು 255 ಬೈಟುಗಳನ್ನು ಮೀರುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೇಕು. ‘ಲಕ್ಷ್ಮೀ’ ಎಂದರೆ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯಂತ್ರದ ಲೆಕ್ಕದಲ್ಲಿ ವ್ಯಂಜನ, ವಿರಾಮ, ದೀರ್ಘ ಎಲ್ಲ ಸೇರಿ ಏಳು ಚಿಹ್ನೆ, ಇಪ್ಪತ್ತೊಂದು ಬೈಟು! ಹೀಗೆ 85 ಚಿಹ್ನೆ ದಾಟಿದ ಕನ್ನಡ ಹೆಸರಿಗೆ ಆ ಬಾಗಿಲಲ್ಲಿ ತಲೆ ತಗ್ಗಿಸದೆ ಪ್ರವೇಶವಿಲ್ಲ. ಯಾರು ಹಾಡಿದವರೆಂಬುದನ್ನು ಹೆಚ್ಚು ಶ್ರದ್ಧೆಯಿಂದ ಬರೆದಿಟ್ಟ ಹಾಡುಗಳೇ ಹೊರಗೆ ನಿಂತಿದ್ದವು. ಹೆಸರುಗಳನ್ನು ಚಿಕ್ಕದು ಮಾಡಿ, ವಿವರವನ್ನೆಲ್ಲ ಬೇರೊಂದು ಪಟ್ಟಿಯಲ್ಲಿ ಬರೆದೆವು. ಹನ್ನೊಂದೂ ಒಳಗೆ ಬಂದವು. ತಾಯಂದಿರ ಹೆಸರಿನಲ್ಲಿ ಒಂದಕ್ಷರವನ್ನೂ ಮಾಸ್ತರರು ಬಿಡಗೊಡಲಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಹೇಳದಿದ್ದರೆ ಈ ವೈದ್ಯ ಅರೆಯಾಗುತ್ತದೆ. ಹೊಂದಿಸುವುದು ಬೇರೆ, ಕಾಪಿಡುವುದು ಬೇರೆ. ಒಂದು ಮನೆಯಲ್ಲಿ ಅಳಿಸಿದ್ದು ವಿಧೇಯತೆಯಿಂದ ಮೂರು ಮನೆಗಳಲ್ಲಿಯೂ ಅಳಿಯುತ್ತದೆ. ಡಿಸ್ಕೇ ಕಳಚಿ ಕಡತಕೋಶದ ಒಳಗಿನ ಸಣ್ಣ ಗುರುತು ಕಾಣದಾದರೆ ಸಿಂಕ್‌ಥಿಂಗ್ “ಎಲ್ಲ ಅಳಿದವು” ಎಂದು ಸಾರದೆ ಸುಮ್ಮನೆ ನಿಲ್ಲುತ್ತದೆ, ಅಷ್ಟು ವಿವೇಕ ಅದಕ್ಕಿದೆ. ಆದರೆ ಮನುಷ್ಯನ ಬೆರಳು ಅಳಿಸಿದ್ದನ್ನು ಅದು ಪ್ರಶ್ನಿಸದು. ಆದ್ದರಿಂದ ಹಳೆಯ ಪ್ರತಿಗಳನ್ನು ಸ್ವಲ್ಪ ಕಾಲ ಉಳಿಸಿಡುವ ಏರ್ಪಾಡನ್ನು ಅದರಲ್ಲಿಯೇ ಮಾಡಬೇಕು. ಜೊತೆಗೆ ಯಾವ ಜಾಲಕ್ಕೂ ಸೇರದ ಒಂದು ಡಿಸ್ಕು ಕಪಾಟಿನಲ್ಲಿರಬೇಕು. ನಮ್ಮಲ್ಲಿ ಆ ಡಿಸ್ಕು ನರಗುಂದದ ಮಾಸ್ತರರ ಟ್ರಂಕಿನಲ್ಲಿದೆ, ಅವರ ಮದುವೆಯ ಪಟಗಳ ಪಕ್ಕದಲ್ಲಿ.

ಮೊನ್ನೆ ಒಂದು ಬೆಳಿಗ್ಗೆ ನನ್ನ ಕಂಪ್ಯೂಟರಿನಲ್ಲಿ ನಾವಾರೂ ಮುದ್ರಿಸದ ಒಂದು ಹಾಡು ಬಂದು ಕುಳಿತಿತ್ತು. ಗಜೇಂದ್ರಗಡದಿಂದ ಬಂದದ್ದು. ಹುಡುಗಿಯ ತಾಯಿ ಮಗ್ಗದ ಮುಂದೆ ಕುಳಿತು ತನ್ನ ಅತ್ತೆಯ ಹಾಡು ಕೇಳುತ್ತಿದ್ದವಳು, “ಇದರಾಗ ಎರಡು ನುಡಿ ಬಿಟ್ಟಾರ” ಎಂದಳಂತೆ. ಬಿಟ್ಟುಹೋದದ್ದನ್ನು ತಾನೇ ಹಾಡಿಕೊಟ್ಟಿದ್ದಾಳೆ. ಆರಂಭದಲ್ಲಿ ಅವಳ ಒಪ್ಪಿಗೆಯ ಮಾತೂ ಇದೆ, ಹಿಂದೆ ಲಾಳಿಯ ಸಪ್ಪಳವೂ ಇದೆ. ಫೈಲಿನ ಹೆಸರು ಚಿಕ್ಕದಾಗಿತ್ತು. ನಾನು ಕೇಳಿ ಮುಗಿಸುವ ಹೊತ್ತಿಗೆ ಅದು ನರಗುಂದವನ್ನೂ ಮುಟ್ಟಿತ್ತು.